ವೇಲ್ಸ್‌ನಲ್ಲಿ ಅಹವಾಲು ಸಲ್ಲಿಸುವ ಬಗೆ: ಯಾವ ಕೆಲಸಕ್ಕೆ ಯಾವ ಬಾಗಿಲು

ಕಾರ್ಡಿಫ್, ಸ್ವಾನ್ಸಿ, ನ್ಯೂಪೋರ್ಟ್, ರೆಕ್ಸಮ್ ಮೊದಲಾದ ಊರುಗಳಿಗೆ ಓದಿಗೋ ಉದ್ಯೋಗಕ್ಕೋ ಬಂದು ನೆಲೆಸುವ ಕನ್ನಡಿಗರು ಮೊದಲ ವರ್ಷದಲ್ಲೇ ಒಂದು ಪ್ರಶ್ನೆಯ ಮುಂದೆ ನಿಲ್ಲುತ್ತಾರೆ. ಮನೆ ಮುಂದಿನ ರಸ್ತೆ ಹಾಳಾದರೆ, ಆಸ್ಪತ್ರೆಯ ಸರದಿ ತಿಂಗಳುಗಟ್ಟಲೆ ಬಾರದಿದ್ದರೆ, ಬಾಡಿಗೆ ಮನೆಯ ಗೋಡೆಗೆ ಬೂಷ್ಟು ಹಿಡಿದರೆ, ವೀಸಾ ಅರ್ಜಿ ಎಲ್ಲೋ ನಿಂತುಹೋದರೆ ಯಾರನ್ನು ಕೇಳಬೇಕು ಎಂಬುದೇ ಆ ಪ್ರಶ್ನೆ. ಲಂಡನ್ನಿನಲ್ಲಿ ಸಂಸತ್ತಿದೆ, ಕಾರ್ಡಿಫ್ ಕೊಲ್ಲಿಯ ದಂಡೆಯಲ್ಲಿ ವೇಲ್ಸ್‌ನದೇ ಶಾಸನಸಭೆಯಾದ ಸೆನೆದ್ ಇದೆ, ಪ್ರದೇಶಕ್ಕೊಂದು ಸ್ಥಳೀಯ ಆಡಳಿತದ ಕೌನ್ಸಿಲ್ ಇದೆ. ನಾನು ಕಂಡಂತೆ ಇಲ್ಲಿ ಸಾಮಾನ್ಯರ ಅಹವಾಲುಗಳು ಸೋಲುವುದು ಕೇಳುವವರಿಲ್ಲ ಎಂಬ ಕಾರಣಕ್ಕಿಂತ ಹೆಚ್ಚಾಗಿ, ಅವು ತಪ್ಪು ಬಾಗಿಲಿಗೆ ಹೋಗಿ ಅಲ್ಲೇ ಉಳಿದುಬಿಡುತ್ತವೆ ಎಂಬ ಕಾರಣಕ್ಕೆ.

ನನಗೇ ಇದು ತಡವಾಗಿ ತಿಳಿಯಿತು. ನಾನು ಮೊದಲು ವಾಸವಿದ್ದ ಹಳ್ಳಿಯ ನಡುವೆ ಒಂದು ಹೆದ್ದಾರಿ ಹಾದುಹೋಗುತ್ತಿತ್ತು. ನವೆಂಬರ್ ತಿಂಗಳಲ್ಲಿ ಚರಂಡಿಯ ಕಬ್ಬಿಣದ ಜಾಲರಿಯ ಮೇಲೆ ಕೊಳೆತ ಎಲೆಗಳು ಕೂತು, ಮಳೆ ಬಂದಾಗಲೆಲ್ಲ ನೀರು ರಸ್ತೆಯಿಂದ ನಮ್ಮ ಹೊಸ್ತಿಲವರೆಗೆ ಹರಿದು ಬರುತ್ತಿತ್ತು. ಊರಿನಲ್ಲಿ ಶಾಸಕರಿಗೆ ಹೇಳುವ ಅಭ್ಯಾಸವಿದ್ದ ನಾನು ಸಂಸದರ ಕಚೇರಿಗೆ ಬರೆದೆ; ಐದು ವಾರಗಳ ನಂತರ ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂಬ ಸೌಜನ್ಯದ ಉತ್ತರ ಬಂತು. ಕೌನ್ಸಿಲ್‌ಗೆ ಬರೆದರೆ, ಆ ರಸ್ತೆ ಟ್ರಂಕ್ ರಸ್ತೆಯಾದ್ದರಿಂದ ಅದರ ಚರಂಡಿ ವೇಲ್ಸ್ ಸರ್ಕಾರಕ್ಕೆ ಸೇರಿದ್ದೆಂದು ತಿಳಿಸಿದರು. ಮೂರನೆಯ ಪತ್ರವನ್ನು ಸರ್ಕಾರದ ಪರವಾಗಿ ಆ ರಸ್ತೆಯನ್ನು ನೋಡಿಕೊಳ್ಳುವ ಸಂಸ್ಥೆಗೆ ಕಳುಹಿಸಿ, ಜಾಲರಿಯ ಎರಡು ಫೋಟೋಗಳ ಜೊತೆಗೆ ಪಕ್ಕದ ದೀಪದ ಕಂಬದ ಮೇಲಿದ್ದ ಸಂಖ್ಯೆಯನ್ನೂ ಬರೆದೆ. ಒಂಬತ್ತನೆಯ ದಿನ ಒಂದು ಟ್ಯಾಂಕರ್ ಬಂದು ಚರಂಡಿಯನ್ನು ಹೀರಿ ಸ್ವಚ್ಛಗೊಳಿಸಿತು. ಕೆಲಸ ಅರ್ಧ ಗಂಟೆಯದು. ಅದನ್ನು ಮಾಡಬೇಕಾದವರು ಯಾರೆಂದು ಕಂಡುಹಿಡಿಯಲು ನನಗೆ ಹಿಡಿದದ್ದು ಮೂರು ತಿಂಗಳು.

ಮೊದಲು ಅಧಿಕಾರದ ಹಂಚಿಕೆಯನ್ನು ಅರಿಯಿರಿ

ವೇಲ್ಸ್‌ಗೆ ಅಧಿಕಾರ ಒಂದೇ ದಿನ ಬಂದದ್ದಲ್ಲ. 1979ರ ಜನಮತಗಣನೆಯಲ್ಲಿ ವೇಲ್ಸ್‌ನ ಜನ ತಮ್ಮದೇ ಸಭೆ ಬೇಡವೆಂದು ನಾಲ್ಕಕ್ಕೆ ಒಂದರ ಪ್ರಮಾಣದಲ್ಲಿ ತಿರಸ್ಕರಿಸಿದ್ದರು. 1997ರ ಸೆಪ್ಟೆಂಬರ್ 18ರಂದು ಮತ್ತೆ ಕೇಳಿದಾಗ ಕೇವಲ 6,721 ಮತಗಳ ಅಂತರದಿಂದ ಒಪ್ಪಿದರು. ಆ ರಾತ್ರಿ ಕೊನೆಯದಾಗಿ ಬಂದ ಕಾರ್ಮಾರ್ಥನ್‌ಶೈರ್‌ನ ಫಲಿತಾಂಶವೇ ತೀರ್ಪನ್ನು ತಿರುಗಿಸಿತು. 1999ರಲ್ಲಿ 60 ಸದಸ್ಯರ ಅಸೆಂಬ್ಲಿ ಆರಂಭವಾಯಿತು, 2011ರ ಜನಮತಗಣನೆಯ ನಂತರ ಅದಕ್ಕೆ ಪೂರ್ಣ ಪ್ರಮಾಣದ ಕಾನೂನು ರಚನೆಯ ಅಧಿಕಾರ ಸಿಕ್ಕಿತು, 2020ರ ಮೇ ತಿಂಗಳಲ್ಲಿ ಅದರ ಹೆಸರು ಸೆನೆದ್ ಎಂದಾಯಿತು. ವೆಲ್ಷ್ ಬರಹದ ಜೋಡಿ ಡಿ ಅಕ್ಷರದ ಧ್ವನಿ ನಮ್ಮ ದಕಾರಕ್ಕೆ ಹತ್ತಿರವಾದ್ದರಿಂದ ಸೆನೆಡ್ ಎನ್ನದೆ ಸೆನೆದ್ ಎನ್ನುವುದೇ ಸರಿ.

ಸ್ವಂತ ಶಾಸನಸಭೆಯ ಈ ಹಂಬಲದ ಹಿಂದೆ ನೋವಿನ ನೆನಪುಗಳಿವೆ. ಲಿವರ್‌ಪೂಲ್ ನಗರಕ್ಕೆ ನೀರು ಒದಗಿಸಲು ಟ್ರವೆರಿನ್ ಕಣಿವೆಯ ಕಾಪೆಲ್ ಕೆಲಿನ್ ಎಂಬ ಹಳ್ಳಿಯನ್ನು 1965ರಲ್ಲಿ ಮುಳುಗಿಸಲಾಯಿತು. ಅದಕ್ಕೆ ಅನುಮತಿ ಕೊಟ್ಟ ಮಸೂದೆಯ ಪರವಾಗಿ ವೇಲ್ಸ್‌ನ ಒಬ್ಬ ಸಂಸದನೂ ಮತ ಹಾಕಿರಲಿಲ್ಲ. ಆದರೂ ಅದು ಕಾನೂನಾಯಿತು. ಶಾಲೆ, ಚಾಪೆಲ್, ಅಂಚೆ ಕಚೇರಿ, ಹೊಲಮನೆಗಳೆಲ್ಲ ನೀರಿನಡಿ ಹೋದವು. ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟವರ ಕಥೆ ಕೇಳಿಕೊಂಡೇ ಬೆಳೆದ ಕನ್ನಡಿಗರಿಗೆ ಆ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯವರು ಸೆನೆದ್ ಬಗ್ಗೆ ಎಷ್ಟೇ ಗೊಣಗಿದರೂ ಅದನ್ನು ಕಳೆದುಕೊಳ್ಳಲು ಹಿಂಜರಿಯುವುದೇಕೆಂದು ತಿಳಿಯಬೇಕಾದರೆ ಟ್ರವೆರಿನ್ ನೆನಪಿನಲ್ಲಿರಬೇಕು.

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಎಂದು ಮೂರಿವೆ. ಯಾವ ಪಟ್ಟಿಯಲ್ಲೂ ಇಲ್ಲದ ವಿಷಯ ಕೇಂದ್ರಕ್ಕೆ ಸೇರುತ್ತದೆ. ವೇಲ್ಸ್‌ನಲ್ಲಿ 2018ರ ಏಪ್ರಿಲ್‌ನಿಂದ ಕ್ರಮ ತಿರುಗುಮುರುಗಾಗಿದೆ: ಲಂಡನ್ ತನಗಾಗಿ ಉಳಿಸಿಕೊಂಡ ವಿಷಯಗಳ ಪಟ್ಟಿ ಮಾತ್ರ ಇದೆ, ಅದರಲ್ಲಿಲ್ಲದ್ದೆಲ್ಲ ಸೆನೆದ್‌ಗೆ ಸೇರಿದ್ದು. ಹಾಗಾಗಿ ದೂರು ಬರೆಯುವ ಮೊದಲು ಇದು ಲಂಡನ್ ಉಳಿಸಿಕೊಂಡ ವಿಷಯವೇ ಎಂದು ಕೇಳಿಕೊಳ್ಳಬೇಕು. ವಲಸೆ ಮತ್ತು ವೀಸಾ, ಪೊಲೀಸ್, ನ್ಯಾಯಾಲಯ, ಕಾರಾಗೃಹ, ರಕ್ಷಣೆ, ಪ್ರಸಾರ ಮಾಧ್ಯಮ, ಪಿಂಚಣಿ ಮತ್ತು ಬಹುತೇಕ ಸರ್ಕಾರಿ ಭತ್ಯೆಗಳು ಉಳಿಸಿಕೊಂಡ ಪಟ್ಟಿಯಲ್ಲಿವೆ. ಆರೋಗ್ಯ, ಶಿಕ್ಷಣ, ವಸತಿ, ಕೃಷಿ, ಪರಿಸರ, ಕಟ್ಟಡ ಯೋಜನೆ, ವೆಲ್ಷ್ ಭಾಷೆ, ಹೆಚ್ಚಿನ ರಸ್ತೆ ವಿಷಯಗಳು ಕಾರ್ಡಿಫ್‌ನವು. ಕಸ, ಬೀದಿದೀಪ, ಸ್ಥಳೀಯ ರಸ್ತೆ, ಶಾಲಾ ಪ್ರವೇಶ, ಗ್ರಂಥಾಲಯ, ವೃದ್ಧರ ಆರೈಕೆಯಂಥ ದಿನನಿತ್ಯದ ಕೆಲಸವನ್ನು 22 ಕೌನ್ಸಿಲ್‌ಗಳು ಮಾಡುತ್ತವೆ.

ಇದನ್ನೆಲ್ಲ ಬಾಯಿಪಾಠ ಮಾಡುವ ಅಗತ್ಯವಿಲ್ಲ. ವರ್ಷಕ್ಕೊಮ್ಮೆ ಮಾರ್ಚ್ ಸುಮಾರಿಗೆ ಬರುವ ಕೌನ್ಸಿಲ್ ತೆರಿಗೆಯ ಬಿಲ್ಲನ್ನು ಮೇಜಿನ ಮೇಲೆ ಹರವಿ ನೋಡಿ. ಅದರಲ್ಲಿ ಒಂದು ಸಾಲು ಕೌಂಟಿ ಕೌನ್ಸಿಲ್‌ಗೆ, ಇನ್ನೊಂದು ಪೊಲೀಸರಿಗೆ, ಊರಮಟ್ಟದ ಚಿಕ್ಕ ಸಮುದಾಯ ಕೌನ್ಸಿಲ್ ಇರುವ ಊರಾದರೆ ಮತ್ತೊಂದು ಅದಕ್ಕೆ. ಒಂದೇ ಬಿಲ್ಲು, ಹಣ ಮೂರು ಕಡೆಗೆ. ಆ ತೆರಿಗೆಯ ಬಗ್ಗೆಯೇ ತಕರಾರಿದ್ದರೂ ದಾರಿಗಳು ಬೇರೆಯಾಗುತ್ತವೆ. ದರ ಹೆಚ್ಚಾಯಿತೆಂದರೆ ಅದನ್ನು ನಿಗದಿ ಮಾಡಿದ್ದು ಕೌನ್ಸಿಲ್; ತೆರಿಗೆಯ ನಿಯಮವೇ ಅನ್ಯಾಯದ್ದೆಂದರೆ ಅದನ್ನು ಬದಲಿಸಬಲ್ಲದ್ದು ಸೆನೆದ್; ನಿಮ್ಮ ಮನೆಯನ್ನು ತಪ್ಪು ವರ್ಗದಲ್ಲಿ ಹಾಕಿದ್ದಾರೆಂದರೆ, 2003ರ ಏಪ್ರಿಲ್‌ನ ಬೆಲೆಯನ್ನು ಆಧರಿಸಿದ ಆ ವರ್ಗೀಕರಣ ಬ್ರಿಟನ್ ಸರ್ಕಾರದ ಮೌಲ್ಯಮಾಪಕರ ಕೆಲಸ. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ಶೇ. 25ರಷ್ಟು ರಿಯಾಯಿತಿ ಇದೆ, ಅದನ್ನು ಕೇಳಿ ಪಡೆಯಬೇಕು. ಸಂಬಳದ ಚೀಟಿಯನ್ನೂ ಒಮ್ಮೆ ನೋಡಿ: ತೆರಿಗೆ ಸಂಕೇತದ ಮೊದಲಿಗೆ ಸಿ ಅಕ್ಷರವಿದ್ದರೆ ನಿಮ್ಮನ್ನು ವೇಲ್ಸ್‌ನ ತೆರಿಗೆದಾರರೆಂದು ಗುರುತಿಸಿದ್ದಾರೆ, ನೀವು ಕಟ್ಟುವ ಆದಾಯ ತೆರಿಗೆಯ ಒಂದು ಪಾಲು 2019ರಿಂದ ವೇಲ್ಸ್ ಸರ್ಕಾರಕ್ಕೆ ಹೋಗುತ್ತಿದೆ. ಬ್ರಿಸ್ಟಲ್‌ನಿಂದ ಕಾರ್ಡಿಫ್‌ಗೆ ಮನೆ ಬದಲಿಸಿದವರು ಆ ಅಕ್ಷರ ಬಂದಿದೆಯೇ ಎಂದು ಪರೀಕ್ಷಿಸಿ, ಬಂದಿರದಿದ್ದರೆ ತೆರಿಗೆ ಇಲಾಖೆಗೆ ಹೊಸ ವಿಳಾಸ ತಿಳಿಸಬೇಕು.

ಪತ್ರ ಬರೆಯುವ ಕ್ರಮ

ದೂರವಾಣಿಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಆದ್ದರಿಂದ ಬರೆದೇ ಕೊಡಿ. ಫೋನ್ ಮಾಡಲೇಬೇಕಾದರೆ ಉಲ್ಲೇಖ ಸಂಖ್ಯೆಯನ್ನು ಕೇಳಿ ದಿನಾಂಕದೊಡನೆ ಬರೆದಿಟ್ಟುಕೊಳ್ಳಿ. ಪತ್ರ ಒಂದು ಪುಟ ಮೀರದಿರಲಿ. ಎಲ್ಲಿ, ಯಾವಾಗಿನಿಂದ, ಏನಾಗಿದೆ, ಅದರಿಂದ ಯಾರಿಗೆ ಏನು ತೊಂದರೆ, ಇದಕ್ಕೆ ಮೊದಲು ಯಾರಿಗೆ ತಿಳಿಸಿದ್ದೀರಿ, ಈಗ ಏನು ಆಗಬೇಕು ಎಂಬುದಷ್ಟೇ ಅದರಲ್ಲಿರಬೇಕು. ಕೊನೆಯದನ್ನು ನಮ್ಮವರು ಹೆಚ್ಚಾಗಿ ಮರೆಯುತ್ತಾರೆ: ಎರಡು ಪುಟ ನೋವು ತೋಡಿಕೊಂಡು, ದಯವಿಟ್ಟು ಗಮನ ಹರಿಸಿ ಎಂದು ಮುಗಿಸುತ್ತಾರೆ. ಗಮನ ಹರಿಸಿದ್ದೇವೆ ಎಂಬ ಉತ್ತರ ಕೊಟ್ಟರೆ ಅಂಥ ಪತ್ರದ ಬೇಡಿಕೆ ಅಲ್ಲಿಗೆ ತೀರಿದಂತೆ. ಮನವಿ ಸಲ್ಲಿಸುವ ವಿಧೇಯತೆಯೂ ಇಲ್ಲಿ ಬೇಕಿಲ್ಲ, ಸಿಟ್ಟೂ ಬೇಕಿಲ್ಲ. ಇಂಥ ತಾರೀಖಿನೊಳಗೆ ಇಂಥ ಕೆಲಸವಾಗಬೇಕು, ಆಗದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು ಎಂದು ನೇರವಾಗಿ ಕೇಳುವುದನ್ನು ಯಾರೂ ಅಗೌರವವೆಂದು ಭಾವಿಸುವುದಿಲ್ಲ.

ವೇಲ್ಸ್‌ನ ಸಾರ್ವಜನಿಕ ಸಂಸ್ಥೆಗಳ ದೂರು ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಎರಡು ಹಂತಗಳಿವೆ. ಮೊದಲ ಹಂತದಲ್ಲಿ ಆಯಾ ವಿಭಾಗವೇ 10 ಕೆಲಸದ ದಿನಗಳಲ್ಲಿ ಸರಿಪಡಿಸಲು ಯತ್ನಿಸುತ್ತದೆ. ತೃಪ್ತಿಯಾಗದಿದ್ದರೆ ಎರಡನೆಯ ಹಂತದ ವಿಧಿವತ್ತಾದ ತನಿಖೆಗೆ 20 ಕೆಲಸದ ದಿನಗಳು. ಇದು ಎರಡನೆಯ ಹಂತದ ದೂರು ಎಂಬ ಮಾತನ್ನು ಪತ್ರದ ತಲೆಬರಹದಲ್ಲೇ ಹಾಕಿ. ಇಲ್ಲದಿದ್ದರೆ ಅದನ್ನು ಮತ್ತೊಂದು ವಿಚಾರಣೆಯ ಪತ್ರವೆಂದು ಬಗೆದು ಮೊದಲಿನ ಮೇಜಿಗೇ ಕಳುಹಿಸಬಹುದು. ಎರಡೂ ಹಂತ ಮುಗಿದ ಮೇಲೆ, ಅಥವಾ 12 ವಾರ ಕಾದರೂ ಉತ್ತರ ಬಾರದಿದ್ದರೆ, ವೇಲ್ಸ್‌ನ ಸಾರ್ವಜನಿಕ ಸೇವೆಗಳ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ನಮ್ಮ ಲೋಕಾಯುಕ್ತದ ಹಾಗೆ ಭ್ರಷ್ಟಾಚಾರದ ಮೇಲೆ ದಾಳಿ ನಡೆಸುವ ಸಂಸ್ಥೆ ಇದಲ್ಲ. ಆಡಳಿತದ ಲೋಪದಿಂದ ನಿಮಗೆ ಅನ್ಯಾಯವಾಯಿತೇ ಎಂದು ನೋಡುವುದು ಇದರ ಕೆಲಸ. ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ಘಟನೆ ನಡೆದ ಅಥವಾ ಅದು ನಿಮಗೆ ತಿಳಿದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ನಡುವೆ ದಾಖಲೆಗಳು ಬೇಕಾದರೆ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಕೇಳಿ. ನಮ್ಮ ಮಾಹಿತಿ ಹಕ್ಕಿನ ಅರ್ಜಿಗೆ 30 ದಿನಗಳಾದರೆ ಇಲ್ಲಿ 20 ಕೆಲಸದ ದಿನಗಳು.

ಆಸ್ಪತ್ರೆಯ ವಿಷಯ

ವೇಲ್ಸ್ ಸರ್ಕಾರದ ದಿನನಿತ್ಯದ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ಆರೋಗ್ಯಕ್ಕೇ ಹೋಗುತ್ತದೆ, ಜನರ ಅಸಮಾಧಾನದ ದೊಡ್ಡ ಪಾಲೂ ಅಲ್ಲಿಯೇ ಇದೆ. ಔಷಧದ ಚೀಟಿಗೆ 2007ರಿಂದ ಇಲ್ಲಿ ಹಣ ಕೊಡಬೇಕಿಲ್ಲ ಎಂಬುದು ನಿಜವಾದ ಉಪಕಾರ. ಆದರೆ ಮಂಡಿ ಶಸ್ತ್ರಚಿಕಿತ್ಸೆಗೆ ಕಾಯುತ್ತಿರುವ ವೃದ್ಧರಿಗೆ ಅದು ಸಮಾಧಾನವಾಗುವುದಿಲ್ಲ. ಇಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಏಳು ಆರೋಗ್ಯ ಮಂಡಳಿಗಳಾಗಿ ಹಂಚಿಕೊಂಡಿದೆ. ಚಿಕಿತ್ಸೆಯಲ್ಲಿ ಲೋಪವಾದರೆ ಅಥವಾ ಸರದಿಯ ಬಗ್ಗೆ ಸುದ್ದಿಯೇ ಇಲ್ಲದಿದ್ದರೆ ನಿಮ್ಮ ಮಂಡಳಿಯ ದೂರು ವಿಭಾಗಕ್ಕೆ 12 ತಿಂಗಳೊಳಗೆ ಬರೆಯಬೇಕು. ಬರೆಯಲು ತೊಡಕಾದರೆ ಲೈಸ್ ಎಂಬ ಸ್ವತಂತ್ರ ಸಂಸ್ಥೆಯ ನೆರವು ಪಡೆಯಿರಿ. 2023ರ ಏಪ್ರಿಲ್‌ನಲ್ಲಿ ಆರಂಭವಾದ ಅದರ ಹೆಸರಿಗೆ ವೆಲ್ಷ್‌ನಲ್ಲಿ ಧ್ವನಿ ಎಂದೇ ಅರ್ಥ, ಅದರ ಸಿಬ್ಬಂದಿ ಉಚಿತವಾಗಿ ಜೊತೆಗೆ ಕೂತು ದೂರು ಬರೆಯಲು ನೆರವಾಗುತ್ತಾರೆ. ತೃಪ್ತಿಯಾಗದಿದ್ದರೆ ಮುಂದಿನ ಬಾಗಿಲು ಅದೇ ವೇಲ್ಸ್ ಒಂಬುಡ್ಸ್‌ಮನ್. ಇಂಗ್ಲೆಂಡಿನ ಆಸ್ಪತ್ರೆಗಳಿಗಾಗಿ ಇರುವ ಒಂಬುಡ್ಸ್‌ಮನ್‌ಗೆ ಬರೆದು ಸಮಯ ಕಳೆದುಕೊಂಡವರನ್ನು ನಾನು ಬಲ್ಲೆ.

ನಮ್ಮಲ್ಲಿ ಅನೇಕರು ಅದೇ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಾರೆ, ಆದ್ದರಿಂದ ದೂರು ಕೊಟ್ಟರೆ ಸಹೋದ್ಯೋಗಿಗಳಿಗೆ ನೋವಾದೀತೆಂದು ಹಿಂಜರಿಯುತ್ತಾರೆ. ಆ ಸಂಕೋಚ ಸಹಜವಾದದ್ದು, ಆದರೆ ಬಿಡಬೇಕಾದದ್ದು. ಇಂಗ್ಲಿಷ್ ಬಾರದ ತಂದೆತಾಯಿಯನ್ನು ವೈದ್ಯರ ಬಳಿ ಕರೆದೊಯ್ಯುವಾಗ ದುಭಾಷಿ ಬೇಕೆಂದು ಮೊದಲೇ ತಿಳಿಸಿ, ಭಾಷೆ ಕನ್ನಡ ಎಂದು ಸ್ಪಷ್ಟವಾಗಿ ಬರೆಯಿಸಿ. ಭಾರತದವರೆಂದ ಕೂಡಲೇ ಹಿಂದಿಯವರನ್ನು ಗೊತ್ತುಮಾಡಿದ ಸಂದರ್ಭಗಳಿವೆ, ಮೈಸೂರು ಸೀಮೆಯ ಅಜ್ಜಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ತಮ್ಮ ನುಡಿಯಲ್ಲೇ ಸರ್ಕಾರದೊಡನೆ ವ್ಯವಹರಿಸುವ ಹಕ್ಕಿಗಾಗಿ ಹೋರಾಡಿ ಗೆದ್ದ ನಾಡಿದು. ಸೇವೆಯನ್ನು ವೆಲ್ಷ್‌ನಲ್ಲಿ ಕೊಡದ ಕಚೇರಿಯ ಮೇಲೆ ದೂರು ಕೇಳಲು ವೆಲ್ಷ್ ಭಾಷಾ ಆಯುಕ್ತರೇ ಇದ್ದಾರೆ. ಕನ್ನಡಕ್ಕೆ ಆ ಕಾನೂನಿನ ಬೆಂಬಲವಿಲ್ಲದಿದ್ದರೂ, ಭಾಷೆಯ ಬಗ್ಗೆ ಕೇಳುವವರನ್ನು ಈ ನಾಡಿನ ಜನ ವಿಚಿತ್ರವಾಗಿ ನೋಡುವುದಿಲ್ಲ.

ಬಾಡಿಗೆ ಮನೆ

2022ರ ಡಿಸೆಂಬರ್ 1ರಿಂದ ವೇಲ್ಸ್‌ನ ಬಾಡಿಗೆ ಕಾನೂನು ಇಂಗ್ಲೆಂಡಿನದಕ್ಕಿಂತ ಬೇರೆಯಾಗಿದೆ. ಲಂಡನ್ನಿನ ಗೆಳೆಯರು ಹೇಳುವ ನಿಯಮಗಳನ್ನು ಇಲ್ಲಿ ನೆಚ್ಚಬೇಡಿ. ಮನೆಗೆ ಬಂದ 14 ದಿನಗಳೊಳಗೆ ಒಪ್ಪಂದದ ಲಿಖಿತ ಪ್ರತಿ ನಿಮ್ಮ ಕೈಸೇರಬೇಕು. ನಿಮ್ಮ ತಪ್ಪಿಲ್ಲದೆ ಮನೆ ಬಿಡಿಸಬೇಕಾದರೆ ಸಾಮಾನ್ಯವಾಗಿ ಆರು ತಿಂಗಳ ನೋಟಿಸ್ ಕೊಡಬೇಕು. ಮನೆಯ ಮಾಲೀಕರು ರೆಂಟ್ ಸ್ಮಾರ್ಟ್ ವೇಲ್ಸ್‌ನಲ್ಲಿ ನೋಂದಾಯಿಸಿರಬೇಕು. ಅಲ್ಲಿನ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು, ಮುಂಗಡ ಕೊಡುವ ಮೊದಲೇ ನೋಡುವುದು ಒಳ್ಳೆಯದು. ಗೋಡೆಯ ತೇವ, ಕೆಟ್ಟ ಬಾಯ್ಲರ್ ಮುಂತಾದವನ್ನು ಮಾಲೀಕರಿಗೆ ಲಿಖಿತವಾಗಿ ತಿಳಿಸಿಯೂ ಪ್ರಯೋಜನವಾಗದಿದ್ದರೆ ಕೌನ್ಸಿಲ್‌ನ ಪರಿಸರ ಆರೋಗ್ಯ ವಿಭಾಗಕ್ಕೆ ಬರೆಯಿರಿ, ಅವರು ಬಂದು ಪರಿಶೀಲಿಸುತ್ತಾರೆ. ಬಾಡಿಗೆ ನಿಲ್ಲಿಸಿ ಒತ್ತಡ ಹೇರುವ ದಾರಿ ಮಾತ್ರ ಬೇಡ. ಬಾಕಿ ಉಳಿದದ್ದೇ ನಿಮ್ಮನ್ನು ಹೊರಹಾಕಲು ಕಾರಣವಾಗಬಹುದು.

ಒಬ್ಬರ ದೂರು ನಾಡಿನ ದೂರಾದಾಗ

ಕೆಲವು ಅಹವಾಲುಗಳು ಒಂದು ಕಚೇರಿಯ ಲೋಪದಿಂದ ಹುಟ್ಟಿದವಲ್ಲ, ಕಾನೂನೇ ಅವುಗಳ ಮೂಲ. ಆಗ ಸೆನೆದ್‌ಗೆ ಸಾರ್ವಜನಿಕ ಅರ್ಜಿ ಸಲ್ಲಿಸಬಹುದು. 250 ಸಹಿಗಳಾದರೆ ಅರ್ಜಿಗಳ ಸಮಿತಿ ಅದನ್ನು ಕೈಗೆತ್ತಿಕೊಳ್ಳುತ್ತದೆ, 10,000 ಆದರೆ ಸಭೆಯಲ್ಲಿ ಚರ್ಚೆಗೆ ಪರಿಗಣಿಸುತ್ತದೆ. ಲಂಡನ್ ಸಂಸತ್ತಿನಲ್ಲಿ ಚರ್ಚೆಯ ಪರಿಗಣನೆಗೆ 1 ಲಕ್ಷ ಸಹಿ ಬೇಕೆಂಬುದನ್ನು ನೆನೆದರೆ ಸಣ್ಣ ನಾಡಿನ ಅನುಕೂಲ ತಿಳಿಯುತ್ತದೆ. ವಿಷಯ ಸೆನೆದ್‌ನ ವ್ಯಾಪ್ತಿಯದ್ದಾಗಿರಬೇಕು. ವೀಸಾ ಶುಲ್ಕ ಇಳಿಸಿ ಎಂಬ ಅರ್ಜಿ ಅಲ್ಲಿ ಸ್ವೀಕಾರವಾಗುವುದಿಲ್ಲ.

ಇದಕ್ಕೆ ವೇಗಮಿತಿಯ ಪ್ರಕರಣವೇ ಒಳ್ಳೆಯ ಪಾಠ. 2023ರ ಸೆಪ್ಟೆಂಬರ್ 17ರಂದು ಬೀದಿದೀಪಗಳಿರುವ ಊರೊಳಗಿನ ರಸ್ತೆಗಳ ಸಾಮಾನ್ಯ ವೇಗಮಿತಿಯನ್ನು ವೇಲ್ಸ್ ಸರ್ಕಾರ ಗಂಟೆಗೆ 30 ಮೈಲಿಯಿಂದ 20ಕ್ಕೆ ಇಳಿಸಿತು. ಅದನ್ನು ರದ್ದುಪಡಿಸಬೇಕೆಂಬ ಅರ್ಜಿಗೆ 4,69,571 ಸಹಿಗಳು ಬಿದ್ದವು. ಇಡೀ ನಾಡಿನ ಜನಸಂಖ್ಯೆ ಸುಮಾರು 31 ಲಕ್ಷ. ಸೆನೆದ್‌ನ ಚರಿತ್ರೆಯಲ್ಲಿ ಅಂಥ ಅರ್ಜಿ ಹಿಂದೆ ಬಂದಿರಲಿಲ್ಲ. ಶಾಲೆಗೆ ಮಗುವನ್ನು ಕೈಹಿಡಿದು ರಸ್ತೆ ದಾಟಿಸುವ ನನಗೆ 20ರ ಮಿತಿ ಸರಿಯೆಂದೇ ಅನ್ನಿಸುತ್ತದೆ. ಆದರೂ, ಮನೆಗಳೇ ಇಲ್ಲದ ಉದ್ದನೆಯ ರಸ್ತೆಯಲ್ಲಿಯೂ ಅದೇ ಮಿತಿ ಹಾಕಿದ್ದರಿಂದ ದಿನವೂ ದೂರ ಓಡಾಡುವ ಆರೈಕೆ ಕೆಲಸದವರು, ಬಸ್ ಚಾಲಕರು ಪಟ್ಟ ಬೇಸರ ಹುಸಿಯಾಗಿರಲಿಲ್ಲ. ಕಾನೂನು ರದ್ದಾಗಲಿಲ್ಲ. 2024ರಲ್ಲಿ ಹೊಸ ಸಾರಿಗೆ ಸಚಿವ ಕೆನ್ ಸ್ಕೇಟ್ಸ್ ಮಾರ್ಗಸೂಚಿಯನ್ನು ತಿದ್ದಿದರು, ಯಾವ ರಸ್ತೆಗಳಲ್ಲಿ 30 ಮರಳಬೇಕೆಂದು ಕೌನ್ಸಿಲ್‌ಗಳು ನಿವಾಸಿಗಳನ್ನೇ ಕೇಳಿದವು. ಆ ಹೊತ್ತಿನಲ್ಲಿ ಉಪಯೋಗಕ್ಕೆ ಬಂದದ್ದು ನೀತಿ ಕೆಟ್ಟದ್ದೆಂಬ ಮಾತಲ್ಲ. ಇಂಥ ರಸ್ತೆ, ಇಂಥ ತಿರುವಿನಿಂದ ಇಂಥ ಸೇತುವೆಯವರೆಗೆ, ಇಲ್ಲಿ ಮನೆಯಿಲ್ಲ, ಶಾಲೆಯಿಲ್ಲ, ಜನ ನಡೆದು ದಾಟುವ ಜಾಗವಿಲ್ಲ ಎಂದು ಬರೆದುಕೊಟ್ಟ ಪತ್ರ.

ಸೆನೆದ್ ಸದಸ್ಯರಿಗೆ ಬರೆಯುವವರು ಗಮನಿಸಬೇಕಾದ ಬದಲಾವಣೆಯೊಂದಿದೆ. 2026ರ ಮೇ 7ರ ಚುನಾವಣೆಯಿಂದ ಸದಸ್ಯರ ಸಂಖ್ಯೆ 96, ಕ್ಷೇತ್ರಗಳು 16, ಕ್ಷೇತ್ರಕ್ಕೆ ಆರು ಜನ. ಕ್ಷೇತ್ರಗಳ ಹೆಸರು ವೆಲ್ಷ್‌ನಲ್ಲಿವೆ: ಕಾರ್ಡಿಫ್ ಎಂದು ಹುಡುಕಿದರೆ ಸಿಗದಿರಬಹುದು, ಅದು ಕೈರ್‌ಡೀದ್, ನ್ಯೂಪೋರ್ಟ್ ಎಂದರೆ ಕಾಸ್‌ನೆವಿದ್. ಅಂಚೆ ಸಂಖ್ಯೆ ಹಾಕಿ ಹುಡುಕುವುದೇ ಸುಲಭ. ಆರರಲ್ಲಿ ಯಾರಿಗಾದರೂ ಬರೆಯಬಹುದು, ನೀವು ಮತ ಹಾಕಿದ ಪಕ್ಷದವರಿಗೇ ಬರೆಯಬೇಕೆಂದಿಲ್ಲ. ಸಂಬಂಧಪಟ್ಟ ಸಮಿತಿಯಲ್ಲಿ ಕೂರುವವರು ಯಾರೆಂದು ನೋಡಿ ಅವರಿಗೆ ಬರೆಯುವುದು ನನ್ನ ಸಲಹೆ. ಪ್ರತಿನಿಧಿಗಳು ಜನರನ್ನು ಖುದ್ದಾಗಿ ಭೇಟಿಯಾಗುವ ವೇಳೆಗೆ ಇಲ್ಲಿ ಸರ್ಜರಿ ಎನ್ನುತ್ತಾರೆ, ಆ ಮಾತು ಕೇಳಿ ಆಸ್ಪತ್ರೆಯೆಂದು ತಿಳಿಯಬೇಡಿ.

ಲಂಡನ್ನಿನ ಬಾಗಿಲು

ವೀಸಾ, ಪಾಸ್‌ಪೋರ್ಟ್, ಆದಾಯ ತೆರಿಗೆ, ಭತ್ಯೆಗಳ ತೊಡಕಿಗೆ ನಿಮ್ಮ ಸಂಸದರೇ ದಾರಿ. 2024ರಿಂದ ವೇಲ್ಸ್‌ಗೆ 40ರ ಬದಲು 32 ಸಂಸದರಿದ್ದಾರೆ. ಮೊದಲು ಇಲಾಖೆಗೆ ದೂರು ಕೊಟ್ಟು, ಅದರ ಪ್ರತಿ ಮತ್ತು ಅರ್ಜಿಯ ಸಂಖ್ಯೆಯೊಡನೆ ಸಂಸದರಿಗೆ ಬರೆಯಿರಿ, ನಿಮ್ಮ ಪೂರ್ಣ ವಿಳಾಸ ಕಡ್ಡಾಯ. ಬ್ರಿಟನ್ ಸರ್ಕಾರದ ಇಲಾಖೆಗಳ ಮೇಲಿನ ದೂರು ಸಂಸತ್ತಿನ ಒಂಬುಡ್ಸ್‌ಮನ್‌ಗೆ ಹೋಗಬೇಕಾದರೆ ಸಂಸದರೊಬ್ಬರ ಮೂಲಕವೇ ಹೋಗಬೇಕು.

ಲಂಡನ್ ಮತ್ತು ಕಾರ್ಡಿಫ್ ಪರಸ್ಪರ ಬೆರಳು ತೋರಿಸುವ ಸಂದರ್ಭಗಳು ಬಂದೇ ಬರುತ್ತವೆ. ರೈಲಿನ ವಿಷಯದಲ್ಲಿ ಅದು ಹೆಚ್ಚು. ಹೆಚ್ಚಿನ ರೈಲುಗಳನ್ನು ಓಡಿಸುವುದು ವೇಲ್ಸ್ ಸರ್ಕಾರದ ಒಡೆತನದ ಟ್ರಾನ್ಸ್‌ಪೋರ್ಟ್ ಫಾರ್ ವೇಲ್ಸ್, ಆದರೆ ಕಾರ್ಡಿಫ್‌ನ ಉತ್ತರದ ಕಣಿವೆ ಮಾರ್ಗಗಳನ್ನು ಬಿಟ್ಟರೆ ಹಳಿಗಳ ಹೊಣೆ ಲಂಡನ್ನಿನದು. ಲಂಡನ್‌ನಿಂದ ಬರ್ಮಿಂಗ್‌ಹ್ಯಾಮ್‌ಗೆ ಕಟ್ಟುತ್ತಿರುವ ಎಚ್‌ಎಸ್2 ಎಂಬ ಅತಿವೇಗದ ರೈಲು ಮಾರ್ಗದ ಒಂದು ಮೈಲಿಯೂ ವೇಲ್ಸ್‌ನಲ್ಲಿಲ್ಲ. ಆದರೂ ಅದನ್ನು ಇಂಗ್ಲೆಂಡ್ ಮತ್ತು ವೇಲ್ಸ್ ಎರಡರ ಯೋಜನೆಯೆಂದು ವರ್ಗೀಕರಿಸಿದ್ದರಿಂದ, ಸ್ಕಾಟ್ಲೆಂಡ್‌ಗೆ ದೊರೆತ ಹಣದ ಪಾಲು ವೇಲ್ಸ್‌ಗೆ ದೊರೆಯಲಿಲ್ಲ. ತೆರಿಗೆ ಹಂಚಿಕೆಯಲ್ಲಿ ತಮ್ಮ ಪಾಲಿಗಾಗಿ ವಾದಿಸುವ ಕನ್ನಡಿಗರಿಗೆ ಈ ಕೊರಗು ಹೊಸದಲ್ಲ. ಇಂಥ ವಿಷಯದಲ್ಲಿ ಸಂಸದರಿಗೂ ಸೆನೆದ್ ಸದಸ್ಯರಿಗೂ ಒಂದೇ ದಿನ ಬರೆಯಿರಿ, ಇನ್ನೊಬ್ಬರಿಗೂ ಬರೆದಿದ್ದೇನೆಂದು ಇಬ್ಬರಿಗೂ ತಿಳಿಸಿ, ಹೊಣೆ ತಮ್ಮದಲ್ಲವೆನ್ನುವವರು ಯಾರದೆಂದು ಲಿಖಿತವಾಗಿ ಹೇಳಲಿ ಎಂದು ಕೇಳಿ. ಆ ಉತ್ತರವನ್ನು ಇನ್ನೊಬ್ಬರ ಮುಂದಿಟ್ಟರೆ ಜಾರಿಕೊಳ್ಳುವ ಜಾಗ ಕಡಿಮೆಯಾಗುತ್ತದೆ.

ಮತದಾರರ ಪಟ್ಟಿಯಲ್ಲಿ ಹೆಸರು

ಭಾರತದ ಪೌರರು ಕಾಮನ್‌ವೆಲ್ತ್ ಪೌರರಾದ್ದರಿಂದ, ಸಿಂಧುವಾದ ವೀಸಾದ ಮೇಲೆ ಇಲ್ಲಿ ವಾಸಿಸುವವರು ಕೌನ್ಸಿಲ್, ಸೆನೆದ್, ಲಂಡನ್ ಸಂಸತ್ತು ಮೂರಕ್ಕೂ ಮತ ಹಾಕಬಹುದು. ಬ್ರಿಟಿಷ್ ಪೌರತ್ವ ಬೇಕಿಲ್ಲ, ವಿದ್ಯಾರ್ಥಿಗಳಿಗೂ ಈ ಹಕ್ಕಿದೆ. ಹತ್ತು ವರ್ಷ ಇಲ್ಲಿದ್ದೂ ಇದನ್ನು ತಿಳಿಯದ ನಮ್ಮವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಸೆನೆದ್ ಮತ್ತು ಕೌನ್ಸಿಲ್ ಚುನಾವಣೆಗೆ 16 ವರ್ಷ ತುಂಬಿದ ಮಕ್ಕಳೂ ಮತ ಹಾಕುತ್ತಾರೆ. ಮತದಾನಕ್ಕೆ 12 ಕೆಲಸದ ದಿನಗಳ ಮೊದಲು ನೋಂದಣಿ ಮುಗಿದಿರಬೇಕು, ಮನೆ ಬದಲಿಸಿದಾಗ ಮತ್ತೆ ನೋಂದಾಯಿಸಬೇಕು. ಸೆನೆದ್ ಮತ್ತು ಕೌನ್ಸಿಲ್ ಮತಗಟ್ಟೆಯಲ್ಲಿ ಫೋಟೋ ಇರುವ ಗುರುತು ಚೀಟಿ ಕೇಳುವುದಿಲ್ಲ. ಸಂಸತ್ ಚುನಾವಣೆಯಲ್ಲಿ ಕೇಳುತ್ತಾರೆ, ಅಲ್ಲಿ ನಿಮ್ಮ ಭಾರತೀಯ ಪಾಸ್‌ಪೋರ್ಟ್ ತೋರಿಸಿದರೆ ಸಾಕು.